ಯಾವ ಸುತ್ತು, ಅದನ್ನು ಹೇಳಿ

ಬಾಕ್ಸಿಂಗ್ ಪ್ರಸಾರ ಮಾಡುವ ಟಿವಿ ಮತ್ತು ಸ್ಟ್ರೀಮಿಂಗ್ ಸಂಸ್ಥೆಗಳ ಮುಖ್ಯಸ್ಥರಿಗೆ, ಜಡ್ಜ್‌ಗಳನ್ನು ನೇಮಿಸುವ ಅಥ್ಲೆಟಿಕ್ ಕಮಿಷನ್‌ಗಳಿಗೆ,

ಮಾನ್ಯರೇ,

ಲಾಸ್ ವೇಗಾಸ್‌ನ ಶನಿವಾರ ರಾತ್ರಿ ಕರ್ನಾಟಕಕ್ಕೆ ಭಾನುವಾರ ಬೆಳಗಿನ ತಿಂಡಿಯ ಹೊತ್ತು. ಹನ್ನೆರಡು ಸುತ್ತು ಮುಗಿದು ಅನೌನ್ಸರ್ ಮೂರು ಸ್ಕೋರ್‌ಕಾರ್ಡ್ ಓದುವಷ್ಟರಲ್ಲಿ ನಿಮ್ಮ ಕಾಮೆಂಟೇಟರ್ ತನ್ನ ತೀರ್ಪು ಕೊಟ್ಟಾಗಿರುತ್ತದೆ: ಹಗಲು ದರೋಡೆ. ಇಡ್ಲಿ ತಟ್ಟೆ ಖಾಲಿಯಾಗುವುದರೊಳಗೆ ಇಲ್ಲಿನ ವಾಟ್ಸಾಪ್ ಗುಂಪುಗಳಲ್ಲೂ ಅದೇ ಪದ ಓಡಾಡುತ್ತಿರುತ್ತದೆ. ಸರಿ, ದರೋಡೆ ಆಯಿತು ಎಂದೇ ಇಟ್ಟುಕೊಳ್ಳೋಣ. ಯಾವ ಸುತ್ತಿನಲ್ಲಿ ಆಯಿತು? ಇದಕ್ಕೆ ಉತ್ತರ ಸಿಗುವುದು ಅಪರೂಪ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಾಲಿಗೆ ನೋಡುಗರನ್ನು ತಂದು ನಿಲ್ಲಿಸಿದವರಲ್ಲಿ ನೀವೂ ಇದ್ದೀರಿ.

ಬಾಕ್ಸಿಂಗ್‌ನಲ್ಲಿ ಕೆಟ್ಟ ತೀರ್ಪುಗಳು ಇಲ್ಲವೆಂದು ನಾವು ಹೇಳುತ್ತಿಲ್ಲ. ಇವೆ, ಕೆಲವು ನಾಚಿಕೆಗೇಡಿನವು. ನಮ್ಮ ತಕರಾರು ಬೇರೆ. ಪಕ್ಷಪಾತದ ಕಾಮೆಂಟರಿ ಎರಡು ಕಡೆಯಿಂದ ಹಾಳು ಮಾಡುತ್ತದೆ: ಸರಿಯಾದ ತೀರ್ಪನ್ನು ಮೋಸವೆಂದು ನಂಬಿಸುತ್ತದೆ, ಮತ್ತು ನಿಜವಾದ ಮೋಸ ನಡೆದ ದಿನ ಅದನ್ನು ಇನ್ನೊಂದು ಗದ್ದಲವಾಗಿ ಕರಗಿಸಿಬಿಡುತ್ತದೆ. ಹುಲಿ ಬಂತು ಹುಲಿ ಎಂದು ಪ್ರತಿ ತಿಂಗಳೂ ಕೂಗಿದರೆ ಕಮಿಷನ್‌ನವರು ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಸಹಜ.

ಒಬ್ಬನೇ ಬಾಕ್ಸರ್, ಎರಡು ಪಂದ್ಯ. ಇದಕ್ಕಿಂತ ಒಳ್ಳೆಯ ಪುರಾವೆ ನಮಗೆ ಬೇರೆ ಸಿಕ್ಕಿಲ್ಲ.

2012ರ ಜೂನ್ 9, ಲಾಸ್ ವೇಗಾಸ್‌ನ ಎಂಜಿಎಂ ಗ್ರ್ಯಾಂಡ್. ಮ್ಯಾನಿ ಪಾಕಿಯಾವ್ ಎದುರು ಟಿಮೊಥಿ ಬ್ರ್ಯಾಡ್ಲಿ. ಜಡ್ಜ್‌ಗಳಾದ ಡ್ವೇನ್ ಫೋರ್ಡ್ ಮತ್ತು ಸಿ.ಜೆ. ರಾಸ್ 115-113 (ಹನ್ನೆರಡು ಸುತ್ತಿನ ಒಟ್ಟು ಅಂಕ) ಎಂದು ಬ್ರ್ಯಾಡ್ಲಿಗೆ ಕೊಟ್ಟರು, ಜೆರ್ರಿ ರಾತ್ ಅದೇ 115-113 ಅನ್ನು ಪಾಕಿಯಾವ್‌ಗೆ ಕೊಟ್ಟರು. ಅಮೆರಿಕದ ಟಿವಿ ಚಾನೆಲ್ ಎಚ್‌ಬಿಒದಲ್ಲಿ ಅನಧಿಕೃತ ಅಂಕ ಹಾಕುತ್ತಿದ್ದ ಹೆರಾಲ್ಡ್ ಲೆಡರ್‌ಮನ್ ಕಾರ್ಡ್ 119-109, ಪಾಕಿಯಾವ್ ಪರ. ಹೊಡೆತ ಎಣಿಸುವ ಕಂಪ್ಯೂಬಾಕ್ಸ್ ಪ್ರಕಾರ ಪಾಕಿಯಾವ್ 253 ಹೊಡೆತ ತಾಗಿಸಿದ್ದ, ಬ್ರ್ಯಾಡ್ಲಿ 159. ಗಲಾಟೆ ಎಷ್ಟಾಯಿತೆಂದರೆ ಪ್ರಶಸ್ತಿ ನೀಡುವ ವಿಶ್ವ ಬಾಕ್ಸಿಂಗ್ ಸಂಸ್ಥೆ ಡಬ್ಲ್ಯೂಬಿಒ ಐವರು ಜಡ್ಜ್‌ಗಳನ್ನು ಕೂರಿಸಿ ವಿಡಿಯೋ ನೋಡಿಸಿತು. ಐವರೂ ಪಾಕಿಯಾವ್ ಗೆದ್ದ ಎಂದರು. ಅಂದರೆ ಆ ದಿನದ ಕೂಗಿಗೆ ಆಧಾರವಿತ್ತು. ಆದರೆ ಆ ಐವರ ಅಂಕಗಳನ್ನೂ ಒಮ್ಮೆ ನೋಡಿ: 118-110, 117-111, 117-111, 116-112, 115-113. ಟಿವಿ ಕೊಟ್ಟ 119-109 ಈ ಐದರಲ್ಲಿ ಒಂದರಲ್ಲೂ ಇಲ್ಲ. ಗೆದ್ದವನ ಹೆಸರು ಟಿವಿಗೆ ಸರಿಯಾಗಿಯೇ ಸಿಕ್ಕಿತ್ತು, ಅಂತರ ಮಾತ್ರ ಉಬ್ಬಿತ್ತು. ಮನೆಯಲ್ಲಿ ಕೂತವರ ತಲೆಯಲ್ಲಿ ಉಳಿದದ್ದು ಆ ಉಬ್ಬಿದ ಅಂತರವೇ.

2017ರ ಜುಲೈ 2, ಬ್ರಿಸ್ಬೇನ್‌ನ ಸನ್‌ಕಾರ್ಪ್ ಸ್ಟೇಡಿಯಂ. ಅದೇ ಪಾಕಿಯಾವ್, ಎದುರಿಗೆ ಸ್ಥಳೀಯ ಹುಡುಗ ಜೆಫ್ ಹಾರ್ನ್. ಮೂವರು ಜಡ್ಜ್‌ಗಳೂ ಹಾರ್ನ್‌ಗೆ ಕೊಟ್ಟರು: 117-111, 115-113, 115-113. ಇಎಸ್‌ಪಿಎನ್‌ನಲ್ಲಿ ಕಾಮೆಂಟೇಟರ್ ಟೆಡ್ಡಿ ಅಟ್ಲಾಸ್ ಕಾರ್ಡ್ 116-111, ಪಾಕಿಯಾವ್ ಪರ. ಪಂದ್ಯದುದ್ದಕ್ಕೂ ಅವರ ಮಾತು ಆ ಕಡೆಗೇ ವಾಲಿತ್ತು. ಮುಗಿದ ಮೇಲೆ ರಿಂಗ್‌ನಲ್ಲೇ ಮೈಕ್ ಹಿಡಿದು, ನೀನು ಸೋತೆ ಎಂದೇ ನನಗನ್ನಿಸಿತು ಎಂದು ಗೆದ್ದ ಹುಡುಗನ ಮುಖಕ್ಕೇ ಹೇಳಿದರು. ಕಂಪ್ಯೂಬಾಕ್ಸ್ ಲೆಕ್ಕದಲ್ಲಿ ಪಾಕಿಯಾವ್ 182, ಹಾರ್ನ್ 92. ಮತ್ತೆ ಗಲಾಟೆ, ಮತ್ತೆ ಡಬ್ಲ್ಯೂಬಿಒ, ಮತ್ತೆ ಐವರು. ಈ ಸಲ ಮೂವರು ಹಾರ್ನ್ ಎಂದರು, ಒಬ್ಬರು ಪಾಕಿಯಾವ್, ಒಬ್ಬರು ಸಮ. ಸುತ್ತುವಾರು ಬಹುಮತ ತೆಗೆದರೆ ಹಾರ್ನ್‌ಗೆ 7, ಪಾಕಿಯಾವ್‌ಗೆ 5.

ಎರಡೂ ಸಲ ಟಿವಿಯ ಗಂಟಲು ಒಂದೇ ಎತ್ತರದಲ್ಲಿತ್ತು. ಒಂದರಲ್ಲಿ ಅದು ಸರಿ, ಇನ್ನೊಂದರಲ್ಲಿ ಹೆಚ್ಚೆಂದರೆ ಒಂದು ಅಭಿಪ್ರಾಯ. ಕೇಳುವವನಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ತಿಳಿಯುವ ದಾರಿ ಇದೆ, ಅದಕ್ಕೆ ಬೇಕಾದದ್ದು ಒಂದು ಹಾಳೆ ಮತ್ತು ಪೆನ್ಸಿಲ್. ನೀವು ಅದನ್ನು ತೋರಿಸಿಕೊಡುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತೇವೆ. ಪಂದ್ಯ ಒಂದೇ ಲೆಕ್ಕವಲ್ಲ, ಹನ್ನೆರಡು ಬೇರೆ ಬೇರೆ ಲೆಕ್ಕ. ಪ್ರತಿ ಸುತ್ತಿನಲ್ಲಿ ಗೆದ್ದವನಿಗೆ 10, ಸೋತವನಿಗೆ 9. ನಾಕ್‌ಡೌನ್ ಆದರೆ, ಅಂದರೆ ಹೊಡೆತಕ್ಕೆ ಒಬ್ಬ ನೆಲಕ್ಕೆ ಬಿದ್ದರೆ, ಸಾಮಾನ್ಯವಾಗಿ 10-8, ಎರಡಾದರೆ 10-7. ರೆಫರಿ ತಪ್ಪಿಗಾಗಿ ಅಂಕ ಕಳೆದರೆ ಅದು ಬೇರೆ. ನೋಡಬೇಕಾದದ್ದು ನಾಲ್ಕು: ಶುದ್ಧವಾಗಿ ತಾಗಿದ ಹೊಡೆತ, ಫಲ ಕೊಟ್ಟ ಮುನ್ನುಗ್ಗುವಿಕೆ, ರಿಂಗ್ ಮೇಲಿನ ಹಿಡಿತ, ರಕ್ಷಣೆ. ಇವುಗಳಲ್ಲಿ ತೂಕ ಹೆಚ್ಚು ಮೊದಲನೆಯದಕ್ಕೆ. ಮುನ್ನುಗ್ಗುತ್ತಾ ಮುಖಕ್ಕೆ ಜ್ಯಾಬ್ (ಮುಂದಿರುವ ಕೈಯ ನೇರ ಹೊಡೆತ) ತಿನ್ನುತ್ತಿರುವವನು ಹೊಡೆತಕ್ಕೆ ಸಿಕ್ಕಿಕೊಳ್ಳುತ್ತಿದ್ದಾನೆ ಅಷ್ಟೇ. ಅವನ ಮುನ್ನುಗ್ಗುವಿಕೆಗೆ ಫಲವಿಲ್ಲ, ಅಂಕವೂ ಇಲ್ಲ.

ನಾಕ್‌ಡೌನ್, ಕಡಿತ, ಸಮಸುತ್ತು (10-10) ಯಾವುದೂ ಇಲ್ಲದಿದ್ದರೆ 115-113 ಎಂದರೆ 7-5, 116-112 ಎಂದರೆ 8-4, 118-110 ಎಂದರೆ 10-2. ಕಾರ್ಡ್ ಓದುವುದಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಈಗ ಹಾಳೆ. ಟಿವಿಯ ಸದ್ದು ಪೂರ್ತಿ ಬಂದ್. ಹನ್ನೆರಡು ಸಾಲು ಎಳೆಯಿರಿ. ಗಂಟೆ ಬಾರಿಸಿದ ಹತ್ತು ಸೆಕೆಂಡಿನೊಳಗೆ, ರೀಪ್ಲೇ ಬರುವ ಮುಂಚೆ, ಅಂಕ ಬರೆಯಿರಿ. ಬರೆದದ್ದನ್ನು ತಿದ್ದಬಾರದು. ಯಾವ ಸುತ್ತು ಯಾರ ಕಡೆಗಾದರೂ ಹೋಗಬಹುದಿತ್ತು ಎನಿಸಿತೋ ಅದರ ಪಕ್ಕ ಒಂದು ಚುಕ್ಕೆ ಇಡಿ. ಮುಖ್ಯವಾದದ್ದು ಆ ಚುಕ್ಕೆಯೇ. ಕೊನೆಗೆ ಎರಡು ಸಲ ಕೂಡಿ: ಚುಕ್ಕೆಯ ಸುತ್ತುಗಳೆಲ್ಲ ಮೊದಲನೆಯವನಿಗೆ ಹೋದರೆ ಎಷ್ಟು, ಎರಡನೆಯವನಿಗೆ ಹೋದರೆ ಎಷ್ಟು. ಉದಾಹರಣೆಗೆ ಒಬ್ಬ 5 ಸುತ್ತು ಸ್ಪಷ್ಟವಾಗಿ ಗೆದ್ದ, ಇನ್ನೊಬ್ಬ 3, ಉಳಿದ 4ಕ್ಕೆ ಚುಕ್ಕೆ. ಆಗ ಮೊದಲನೆಯವನ ಪರ 117-111ರಿಂದ ಹಿಡಿದು ಎರಡನೆಯವನ ಪರ 115-113ರವರೆಗೆ ಯಾವ ಕಾರ್ಡ್ ಬಂದರೂ ಅದು ಒಪ್ಪಬಹುದಾದ ಕಾರ್ಡ್. ನಿಮಗೆ ಇಷ್ಟವಾಗದೇ ಇರಬಹುದು, ಮೋಸವಂತೂ ಅಲ್ಲ. ಎರಡನೆಯವನ ಪರ 118-110 ಬಂತೋ, ಆಗ ಜಡ್ಜ್ ಸ್ಪಷ್ಟ ಸುತ್ತುಗಳನ್ನೇ ತಿರುಗಿಸಿದ್ದಾರೆ ಎಂದರ್ಥ. ಆಗ ಕೂಗಿ, ಸುತ್ತಿನ ಸಂಖ್ಯೆ ಹೇಳಿ ಕೂಗಿ.

ಸಂಖ್ಯೆ ಹೇಳಬೇಕೆಂದು ಇಷ್ಟು ಹಟ ಏಕೆ ಎಂದರೆ, ಗದ್ದಲ ಬಹಳ ಸಲ ತಪ್ಪು ಜಾಗಕ್ಕೆ ಹೋಗಿ ಬೀಳುತ್ತದೆ. 2017ರ ಸೆಪ್ಟೆಂಬರ್ 16, ಕನೆಲೊ ಅಲ್ವಾರೆಝ್ ಮತ್ತು ಗೆನ್ನಡಿ ಗೊಲೊವ್ಕಿನ್ ಮೊದಲ ಪಂದ್ಯ. ಅಡಲೇಡ್ ಬರ್ಡ್ 118-110 ಕನೆಲೊಗೆ, ಡೇವ್ ಮೊರೆಟ್ಟಿ 115-113 ಗೊಲೊವ್ಕಿನ್‌ಗೆ, ಡಾನ್ ಟ್ರೆಲ್ಲಾ 114-114. ಫಲಿತಾಂಶ ಸಮ. ಬೈಗುಳವೆಲ್ಲ ಬರ್ಡ್ ಪಾಲಾಯಿತು, ಆಗಬೇಕಾದದ್ದೇ, ಆ ಕಾರ್ಡ್‌ಗೆ ಸಮರ್ಥನೆಯಿಲ್ಲ. ಆದರೆ ಬರ್ಡ್ ತನ್ನ ಕಾರ್ಡ್‌ನಲ್ಲಿ ಕನೆಲೊಗೆ 115-113 ಎಂದು ಸೌಮ್ಯವಾಗಿ ಬರೆದಿದ್ದರೂ ಪಂದ್ಯ ಸಮವೇ ಆಗುತ್ತಿತ್ತು. ಇನ್ನೊಂದು ಕೀಲಿ ಬೇರೆಡೆ ಇತ್ತು. ಏಳನೇ ಸುತ್ತನ್ನು ಮೊರೆಟ್ಟಿ ಗೊಲೊವ್ಕಿನ್‌ಗೆ ಕೊಟ್ಟಿದ್ದರು. ಗೊಲೊವ್ಕಿನ್‌ಗೆ ಎರಡೇ ಸುತ್ತು ಕೊಟ್ಟ ಬರ್ಡ್ ಕೂಡ ಏಳನೆಯದನ್ನು ಅವನಿಗೇ ಕೊಟ್ಟಿದ್ದರು. ಕನೆಲೊಗೆ ಕೊಟ್ಟವರು ಟ್ರೆಲ್ಲಾ ಒಬ್ಬರೇ. ಆ ಒಂದು ಸುತ್ತು ತಿರುಗಿದ್ದರೆ ಟ್ರೆಲ್ಲಾ ಕಾರ್ಡ್ 115-113, ಗೊಲೊವ್ಕಿನ್ ಸ್ಪ್ಲಿಟ್ ಡಿಸಿಷನ್‌ನಲ್ಲಿ (ಮೂವರಲ್ಲಿ ಇಬ್ಬರ ತೀರ್ಪಿನಿಂದ) ಗೆದ್ದಂತೆ. ಕಣ್ಣು ಕುಕ್ಕುವ 118-110ರ ಮರೆಯಲ್ಲಿ ಸಭ್ಯವಾಗಿ ಕಾಣುವ 114-114 ತಪ್ಪಿಸಿಕೊಂಡಿತು.

ಇನ್ನೂ ಹಳೆಯದು 1999ರ ಮಾರ್ಚ್ 13ರದು, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಲೆನಕ್ಸ್ ಲೂಯಿಸ್ ಮತ್ತು ಇವಾಂಡರ್ ಹೋಲಿಫೀಲ್ಡ್. ಸ್ಟ್ಯಾನ್ಲಿ ಕ್ರಿಸ್ಟೊಡುಲು 116-113 ಲೂಯಿಸ್‌ಗೆ, ಲ್ಯಾರಿ ಒ'ಕಾನೆಲ್ 115-115, ಯೂಜೀನಿಯಾ ವಿಲಿಯಮ್ಸ್ 115-113 ಹೋಲಿಫೀಲ್ಡ್‌ಗೆ. ವಿಲಿಯಮ್ಸ್ ಐದನೇ ಸುತ್ತನ್ನು ಹೋಲಿಫೀಲ್ಡ್‌ಗೆ ಕೊಟ್ಟಿದ್ದರು. ಆ ಸುತ್ತಿನಲ್ಲಿ ಲೂಯಿಸ್ ತಾಗಿಸಿದ್ದು 43, ಹೋಲಿಫೀಲ್ಡ್ 11. ಇದು ಸಂಖ್ಯೆ ಸಮೇತ ಇರುವ ದೂರು, ಅಲ್ಲಗಳೆಯುವುದು ಕಷ್ಟ. ಆದರೂ ಕೂಡಿ ನೋಡಿ: ಐದನೆಯದನ್ನು ಲೂಯಿಸ್‌ಗೆ ಕೊಟ್ಟರೆ ವಿಲಿಯಮ್ಸ್ ಕಾರ್ಡ್ 114-114 ಆಗುತ್ತದೆ. ಇಬ್ಬರು ಸಮ, ಒಬ್ಬರು ಲೂಯಿಸ್, ಪಂದ್ಯ ಮತ್ತೆ ಸಮ! ಲೂಯಿಸ್ ಗೆಲ್ಲಬೇಕಾದರೆ ವಿಲಿಯಮ್ಸ್ ಇನ್ನೂ ಒಂದು ಸುತ್ತು ಕೊಡಬೇಕಿತ್ತು. ಇಲ್ಲವೇ ಒ'ಕಾನೆಲ್ ಕಡೆ ತಿರುಗಬೇಕು. 115-115ರ ಮೊತ್ತ 230. ಹನ್ನೆರಡು ಸುತ್ತನ್ನೂ 10-9 ಎಂದು ಬರೆದರೆ ಮೊತ್ತ 228 ಬರಬೇಕು. ಹೆಚ್ಚಾದ ಎರಡು ಅಂಕ ಎಲ್ಲಿಂದ ಬಂದವು? ಎರಡು ಸುತ್ತನ್ನು ಅವರು 10-10 ಎಂದು ಬಿಟ್ಟಿದ್ದರು. ಆ ಎರಡರಲ್ಲಿ ಒಂದನ್ನು ಅವರು ಲೂಯಿಸ್‌ಗೆ ಬರೆದಿದ್ದರೂ ಸಾಕಿತ್ತು, ಕಿರೀಟ ಅಂದೇ ಲೂಯಿಸ್ ತಲೆಯ ಮೇಲಿರುತ್ತಿತ್ತು. ಅದು ಸಿಕ್ಕಿದ್ದು ನವೆಂಬರ್ 13ರ ಎರಡನೇ ಪಂದ್ಯದಲ್ಲಿ.

ಇಂಥ ಲೆಕ್ಕವನ್ನು ಪರದೆಯ ಮೇಲೆ ಮಾಡಿ ತೋರಿಸಲು ಎರಡು ನಿಮಿಷ ಸಾಕು. ನೀವು ಆ ಎರಡು ನಿಮಿಷವನ್ನು ತಲೆ ಅಲ್ಲಾಡಿಸುವುದಕ್ಕೆ ಬಳಸುತ್ತೀರಿ.

ಮಾತು ಕಣ್ಣನ್ನು ಹೇಗೆ ಎಳೆಯುತ್ತದೆ ಎಂಬುದಕ್ಕೆ ಬರೋಣ. ಮೂರು ನಿಮಿಷದ ಸುತ್ತಿನಲ್ಲಿ ಕಾಮೆಂಟೇಟರ್ ಎಲ್ಲ ಹೊಡೆತವನ್ನೂ ಹೇಳಲಾರ, ಆರಿಸುತ್ತಾನೆ. ಆಯ್ಕೆಯಲ್ಲೇ ಪಕ್ಷಪಾತ ಹೊಕ್ಕುತ್ತದೆ, ಸುಳ್ಳು ಹೇಳಬೇಕಾದ ಪ್ರಮೇಯವೇ ಇಲ್ಲ. ಹೆಸರುವಾಸಿ ಬಾಕ್ಸರ್ ಎಡಗೈ ಬೀಸಿದಾಗ ದನಿ ಏರುತ್ತದೆ, ಆ ಎಡಗೈ ಎದುರಾಳಿಯ ಗ್ಲೌಸ್‌ಗೋ ಮೊಣಕೈಗೋ ತಾಗಿದ್ದರೂ. ಅದೇ ಕ್ಷಣದಲ್ಲಿ ಎದುರಾಳಿ ಪಕ್ಕೆಗೆ ಕೊಟ್ಟ ಹುಕ್ (ಮಡಚಿದ ಕೈಯ ಅಡ್ಡ ಹೊಡೆತ) ಮೌನದಲ್ಲಿ ಕಳೆದುಹೋಗುತ್ತದೆ. ಹೊಟ್ಟೆ, ಪಕ್ಕೆಗೆ ಬೀಳುವ ಹೊಡೆತಕ್ಕೆ ತಲೆ ಹಿಂದಕ್ಕೆ ಹಾರುವ ದೃಶ್ಯವಿಲ್ಲ, ಬೆವರು ಚಿಮ್ಮುವುದಿಲ್ಲ. ಹೇಳದಿದ್ದರೆ ಅದು ನಡೆದೇ ಇಲ್ಲ. ಪರೀಕ್ಷಿಸಬೇಕೆಂದರೆ ಒಂದು ಸುತ್ತನ್ನು ರೆಕಾರ್ಡ್ ಮಾಡಿ. ಮೊದಲು ಸದ್ದಿಲ್ಲದೆ, ನಿಧಾನಗತಿಯಲ್ಲಿ, ಇಬ್ಬರದೂ ತಾಗಿದ ಹೊಡೆತ ಎಣಿಸಿ. ಆಮೇಲೆ ಚಿತ್ರ ನೋಡದೆ ಸದ್ದು ಮಾತ್ರ ಕೇಳಿ, ಯಾರ ಹೊಡೆತ ಎಷ್ಟು ಸಲ ಬಾಯಲ್ಲಿ ಬಂತು ಎಂದು ಗೀಟು ಹಾಕಿ. ಎರಡು ಅನುಪಾತಗಳ ನಡುವಿನ ಅಂತರವೇ ಆ ಕಾಮೆಂಟರಿಯ ಓರೆ.

ಎರಡನೆಯದು ಕಾಲ. ಸುತ್ತಿನ ಕೊನೆ ಹತ್ತು ಸೆಕೆಂಡು ಉಳಿದಾಗ ಮರದ ತುಂಡು ತಟ್ಟುವ ಸದ್ದು ಬರುತ್ತದಲ್ಲ, ಆ ಹೊತ್ತಿನ ಗದ್ದಲ ಇಡೀ ಸುತ್ತನ್ನು ನುಂಗುತ್ತದೆ. 1987ರ ಏಪ್ರಿಲ್ 6ರಂದು ಶುಗರ್ ರೇ ಲಿಯೊನಾರ್ಡ್ ಮಾರ್ವಿನ್ ಹ್ಯಾಗ್ಲರ್ ಎದುರು ಸುತ್ತಿನ ಕೊನೆಯ ಅರ್ಧ ನಿಮಿಷಗಳಲ್ಲಿ ಸರಮಾಲೆ ಹೊಡೆತ ಬೀಸಿದ್ದು ಈ ದೌರ್ಬಲ್ಯ ತಿಳಿದೇ. ಅಂದಿನ ಕಾರ್ಡ್‌ಗಳು 118-110 ಮತ್ತು 115-113 ಲಿಯೊನಾರ್ಡ್‌ಗೆ, 115-113 ಹ್ಯಾಗ್ಲರ್‌ಗೆ. ಇವತ್ತಿಗೂ ಈ ಜಗಳ ಮುಗಿದಿಲ್ಲ. ಜಡ್ಜ್‌ಗಳೇ ಬೀಳುವ ಗುಂಡಿಗೆ ಕಾಮೆಂಟೇಟರ್ ಬೀಳುವುದು ದೊಡ್ಡದಲ್ಲ. ಆದರೆ ಮೊದಲ ಎರಡೂವರೆ ನಿಮಿಷ ಏನಾಯಿತೆಂದು ನೆನಪಿಸುವುದು ಅವನ ಕೆಲಸ.

ಮೂರನೆಯದು ವಿರಾಮದ ಅರವತ್ತು ಸೆಕೆಂಡು. ಜಾಹೀರಾತು, ಮೂಲೆಯಲ್ಲಿ ಕೋಚ್ ಮಾತು ಎಲ್ಲ ಕಳೆದು ರೀಪ್ಲೇಗೆ ಉಳಿಯುವುದು ಕೆಲವೇ ಸೆಕೆಂಡು, ಅದರಲ್ಲಿ ಎರಡೋ ಮೂರೋ ಹೊಡೆತ. ಮೂರೂ ಒಬ್ಬನವೇ ಆದರೆ ನೋಡುಗನ ನೆನಪಿನಲ್ಲಿ ಆ ಸುತ್ತು ಅವನದೇ. ಅದರ ಬೆನ್ನಿಗೆ ಪರದೆಯ ಮೂಲೆಯಲ್ಲಿ ನಿಮ್ಮ ಅನಧಿಕೃತ ಅಂಕ. ನಾಲ್ಕು ಸುತ್ತಿಗೆ 40-36 ಎಂದು ಕಂಡ ಮೇಲೆ ಐದನೇ ಸುತ್ತನ್ನು ತೆರೆದ ಮನಸ್ಸಿನಿಂದ ನೋಡುವವರು ಎಷ್ಟು ಮಂದಿ? ಹಿಂದುಳಿದವನು ಚೆನ್ನಾಗಿ ಆಡಿದರೆ "ಚೇತರಿಸಿಕೊಳ್ಳುತ್ತಿದ್ದಾನೆ" ಎನ್ನುತ್ತೇವೆ, "ಮುಂದಿದ್ದಾನೆ" ಎನ್ನಲು ಬಾಯಿ ಬರುವುದಿಲ್ಲ.

ಹೊಡೆತದ ಲೆಕ್ಕದ ಪಟ್ಟಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದನ್ನು ನೀವು ವಿಜ್ಞಾನದಂತೆ ತೋರಿಸುತ್ತೀರಿ. ಕಂಪ್ಯೂಬಾಕ್ಸ್ 1985ರಲ್ಲಿ ಶುರುವಾದದ್ದು. ಹೆಸರಿನಲ್ಲಿ ಕಂಪ್ಯೂಟರ್ ಇದ್ದರೂ ಎಣಿಸುವವರು ಮನುಷ್ಯರೇ. ಇಬ್ಬರು ಕೂರುತ್ತಾರೆ, ಒಬ್ಬೊಬ್ಬರು ಒಬ್ಬೊಬ್ಬ ಬಾಕ್ಸರ್‌ನನ್ನು ನೋಡುತ್ತಾ ನಾಲ್ಕು ಗುಂಡಿ ಒತ್ತುತ್ತಾರೆ: ಜ್ಯಾಬ್ ತಾಗಿತು, ಜ್ಯಾಬ್ ತಪ್ಪಿತು, ಪವರ್ ಪಂಚ್ ತಾಗಿತು, ಪವರ್ ಪಂಚ್ ತಪ್ಪಿತು. ಪವರ್ ಪಂಚ್ ಎಂದರೆ ಬಲವಾದ ಹೊಡೆತ ಎಂದುಕೊಂಡವರೇ ಹೆಚ್ಚು. ಹಾಗಲ್ಲ, ಜ್ಯಾಬ್ ಅಲ್ಲದ್ದೆಲ್ಲ ಅದರಲ್ಲಿ ಬರುತ್ತದೆ. ಅಪ್ಪಿಕೊಂಡಿರುವಾಗ ತಟ್ಟಿದ ಮೆದು ಹುಕ್ಕೂ ಒಂದು, ದವಡೆ ಅಲ್ಲಾಡಿಸಿದ ಹುಕ್ಕೂ ಒಂದು. ಒಟ್ಟು ಮೊತ್ತ ತೋರಿಸುವುದು ಇನ್ನೂ ಅಪಾಯ. ಒಬ್ಬ ಮೂರು ಸುತ್ತಿನಲ್ಲಿ ಮೂವತ್ತು ಮೂವತ್ತು ಹೆಚ್ಚು ತಾಗಿಸಿ, ಉಳಿದ ಒಂಬತ್ತರಲ್ಲಿ ಎರಡೆರಡು ಕಡಿಮೆ ತಾಗಿಸಿದ ಎಂದುಕೊಳ್ಳಿ. ಮೊತ್ತದಲ್ಲಿ 72 ಹೊಡೆತ ಮುಂದೆ, ಸುತ್ತಿನಲ್ಲಿ 3-9 ಹಿಂದೆ! ಪಾಕಿಯಾವ್–ಹಾರ್ನ್ ಪಂದ್ಯದ 182-92 ನೋಡಿ ಕೋಪಗೊಂಡವರು ಈ ಲೆಕ್ಕ ಮರೆತಿದ್ದರು. ಒಂಬತ್ತನೇ ಸುತ್ತಿನಲ್ಲಿ ಪಾಕಿಯಾವ್ ಎಷ್ಟು ಥಳಿಸಿದನೆಂದರೆ ರೆಫರಿ ಹಾರ್ನ್ ಮೂಲೆಗೆ ಹೋಗಿ, ಹೀಗೇ ಆದರೆ ನಿಲ್ಲಿಸುತ್ತೇನೆ ಎಂದು ಎಚ್ಚರಿಸಿದ್ದರು. ಅಂಥ ಸುತ್ತಿಗೂ ನಾಕ್‌ಡೌನ್ ಇಲ್ಲದಿದ್ದರೆ ಸಾಮಾನ್ಯವಾಗಿ ಸಿಗುವುದು ಒಂದೇ ಅಂಕದ ಮುನ್ನಡೆ.

ಕ್ಯಾಮೆರಾ ಕೂಡ ನಿಷ್ಪಕ್ಷಪಾತಿಯಲ್ಲ. ಅದು ಎತ್ತರದಿಂದ ಒಂದು ಬದಿ ನೋಡುತ್ತದೆ. ಮೂವರು ಜಡ್ಜ್‌ಗಳು ರಿಂಗ್‌ನ ಮೂರು ಬದಿಯಲ್ಲಿ, ಮೂರು ನಾಲ್ಕು ಅಡಿ ಎತ್ತರದ ಕ್ಯಾನ್ವಾಸ್‌ನ ಅಂಚಿಗೆ ಕೂತು, ಹಗ್ಗಗಳ ನಡುವಿಂದ ಮೇಲಕ್ಕೆ ನೋಡುತ್ತಾರೆ. ನಿಮಗೆ ಬೆನ್ನು ಕಂಡಾಗ ಅವರಲ್ಲೊಬ್ಬರಿಗೆ ಎದೆ ಕಾಣುತ್ತದೆ, ನಿಮಗೆ ಎದೆ ಕಂಡಾಗ ಅವರಲ್ಲೊಬ್ಬರಿಗೆ ರೆಫರಿಯ ಸೊಂಟ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಮಾತು ಇಬ್ಬರಿಗೂ ಅನ್ವಯಿಸುತ್ತದೆ. ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಮುಗಿಯಿತು, ಮೂಲೆಯಲ್ಲಿ ಕೂತ ಅಜ್ಜನಿಗೂ ಅನುಮಾನವಿರುವುದಿಲ್ಲ. ಬಾಕ್ಸಿಂಗ್‌ಗೆ ಆ ಭಾಗ್ಯ ನಾಕೌಟ್ ಆದ ದಿನ ಮಾತ್ರ.

ಒಲಿಂಪಿಕ್ ಬಾಕ್ಸಿಂಗ್ ಬಗ್ಗೆಯೂ ಒಂದಿಷ್ಟು, ಏಕೆಂದರೆ ನಮ್ಮ ದೇಶದವರು ಹೆಚ್ಚು ನೋಡುವುದು ಅದನ್ನೇ. 2021ರ ಜುಲೈ 29ರಂದು ಟೋಕಿಯೊದಲ್ಲಿ ಮೇರಿ ಕೋಮ್ ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾಗೆ 2-3ರಲ್ಲಿ ಸೋತರು. ಮೊದಲ ಸುತ್ತು 1-4, ಎರಡನೆಯದು 3-2, ಮೂರನೆಯದೂ 3-2. ಮೂರರಲ್ಲಿ ಎರಡು ಸುತ್ತು ಗೆದ್ದವರು ಸೋಲುವುದು ಹೇಗೆ ಎಂದು ಭಾರತವೆಲ್ಲ ಕೇಳಿತು, ಮೇರಿ ಕೋಮ್ ಕೂಡ ತಾವೇ ಗೆದ್ದೆವೆಂದು ನಂಬಿದ್ದರು. ಉತ್ತರ ಅಂಕಗಣಿತದಲ್ಲಿದೆ. ಐವರು ಜಡ್ಜ್‌ಗಳ ಕಾರ್ಡ್ ಬೇರೆ ಬೇರೆ ಕೂಡಲಾಗುತ್ತದೆ, ಸುತ್ತಿನ ಬಹುಮತಕ್ಕೆ ಬೆಲೆಯಿಲ್ಲ. ಐದು ಕಾರ್ಡ್‌ನ ಹದಿನೈದು ಸುತ್ತಿನಲ್ಲಿ ಮೇರಿ ಪಾಲಿಗೆ 7, ವೆಲೆನ್ಸಿಯಾ ಪಾಲಿಗೆ 8 ಬಂದಿದ್ದವು. ಇದನ್ನು ಅಂದೇ ಪರದೆಯ ಮೇಲೆ ವಿವರಿಸಿದ್ದರೆ ಅರ್ಧ ಕೋಪ ಅಲ್ಲೇ ಇಳಿಯುತ್ತಿತ್ತು. ನಮ್ಮವರು ಆಡುವಾಗ ನಮ್ಮ ಕಾಮೆಂಟರಿಗೆ ಕ್ಯಾಲ್ಕುಲೇಟರ್‌ಗಿಂತ ಕಣ್ಣೀರು ಹತ್ತಿರ.

ಆದರೆ ಎಲ್ಲವೂ ಅಂಕಗಣಿತವಲ್ಲ. 1988ರ ಸೋಲ್‌ನಲ್ಲಿ ರಾಯ್ ಜೋನ್ಸ್ 86 ಹೊಡೆತ ತಾಗಿಸಿ, 32 ತಿಂದು, ಆತಿಥೇಯ ದೇಶದ ಪಾರ್ಕ್ ಸಿ-ಹುನ್‌ಗೆ 2-3ರಲ್ಲಿ ಸೋತ. 2016ರ ರಿಯೊದಲ್ಲಿ ಐರ್ಲೆಂಡ್‌ನ ಮೈಕಲ್ ಕಾನ್ಲನ್, ಕಝಾಕಿಸ್ತಾನದ ವಾಸಿಲಿ ಲೆವಿಟ್ ಸೋತಾಗ ಜನ ಛೀಮಾರಿ ಹಾಕಿದರು. ಆ ಕೂಟದ 36 ರೆಫರಿ–ಜಡ್ಜ್‌ಗಳನ್ನೂ ಬದಿಗಿಡಲಾಯಿತು, 2021ರಲ್ಲಿ ರಿಚರ್ಡ್ ಮೆಕ್‌ಲಾರೆನ್ ತನಿಖೆ ಅಲ್ಲಿ ಪಂದ್ಯಗಳನ್ನು ತಿರುಚುವ ವ್ಯವಸ್ಥೆಯೇ ಇತ್ತು ಎಂದು ಹೇಳಿತು. ವರದಿ ಬರಲು ಐದು ವರ್ಷ ಬೇಕಾಯಿತು. ಅಷ್ಟರಲ್ಲಿ ಟಿವಿ ಬೇರೆ ಎಷ್ಟೋ ಪಂದ್ಯಗಳಿಗೆ ಅದೇ "ದರೋಡೆ" ಪದ ಬಳಸಿ ಸವೆಸಿತ್ತು.

ಈಗ ಬೇಡಿಕೆಗಳು. ಮೊದಲು ಪ್ರಸಾರಕರಿಗೆ.

ಎಚ್‌ಬಿಒ 2018ರ ಕೊನೆಗೆ ಬಾಕ್ಸಿಂಗ್ ಬಿಟ್ಟಿತು, ಶೋಟೈಮ್ 2023ರ ಕೊನೆಗೆ. ಈಗ ಪ್ರಮೋಟರ್ ಮತ್ತು ಸ್ಟ್ರೀಮಿಂಗ್ ಕಂಪನಿ ವರ್ಷಗಟ್ಟಲೆ ಒಪ್ಪಂದದಲ್ಲಿ ಕಟ್ಟಿಕೊಂಡಿರುವ ಕಾಲ. ಮುಂದಿನ ದೊಡ್ಡ ಪಂದ್ಯಕ್ಕೆ ಯಾರು ಗೆಲ್ಲಬೇಕು ಎಂಬುದರಲ್ಲಿ ಚಾನೆಲ್‌ನ ದುಡ್ಡೂ ಇದೆ. ಆದ್ದರಿಂದ ಪಂದ್ಯ ಶುರುವಾಗುವ ಮುಂಚೆ, ಇಬ್ಬರಲ್ಲಿ ಯಾರಿಗೆ ಅಥವಾ ಯಾರ ಪ್ರಮೋಟರ್‌ಗೆ ನಿಮ್ಮೊಂದಿಗೆ ಒಪ್ಪಂದವಿದೆ, ಕಾಮೆಂಟೇಟರ್‌ಗೆ ಯಾರೊಂದಿಗೆ ಸಂಬಂಧವಿದೆ ಎಂದು ಪರದೆಯ ಕೆಳಗೆ ಒಂದು ಸಾಲು ಹಾಕಿ. ಷೇರು ಪೇಟೆಯ ಚರ್ಚೆಗೆ ಬರುವವರು ಹೇಳುತ್ತಾರಲ್ಲ, ಹಾಗೆ.

ಅನಧಿಕೃತ ಅಂಕ ಹಾಕುವವರನ್ನು ಕಾಮೆಂಟರಿ ಮೇಜಿನಿಂದ ಎಬ್ಬಿಸಿ ಬೇರೆ ಕೂರಿಸಿ, ಹೆಡ್‌ಸೆಟ್ ಕೊಡಬೇಡಿ. ಒಬ್ಬರಲ್ಲ, ಇಬ್ಬರು ಬೇಕು. ಗಂಟೆ ಬಾರಿಸಿದ ತಕ್ಷಣ ಚೀಟಿ ಒಪ್ಪಿಸಬೇಕು. ಒಟ್ಟು ಅಂಕವನ್ನು ನಡುವೆ ತೋರಿಸಬೇಡಿ. ಆ ಸುತ್ತು ಸ್ಪಷ್ಟವೋ ಬಿಗಿಯೋ ಎಂದಷ್ಟೇ ಹೇಳಿ, ಮೇಲೆ ಹೇಳಿದ ಚುಕ್ಕೆ ಪದ್ಧತಿ ಇದಕ್ಕೇ. ರೀಪ್ಲೇಯಲ್ಲಿ ಇಬ್ಬರದೂ ಒಂದೊಂದಾದರೂ ಹೊಡೆತ ಇರಲಿ. ಹೊಡೆತದ ಲೆಕ್ಕ ಸುತ್ತುವಾರು ತೋರಿಸಿ, ಒಟ್ಟು ಮೊತ್ತ ತೋರಿಸಲೇಬೇಕೆಂದಿದ್ದರೆ ಸುತ್ತುವಾರು ಪಟ್ಟಿಯ ಕೆಳಗೆ.

ತೀರ್ಪು ಓದಿದ ಮೇಲೆ ಮೂವರು ಜಡ್ಜ್‌ಗಳ ಹನ್ನೆರಡು ಸುತ್ತಿನ ಪೂರ್ತಿ ಪಟ್ಟಿ ಪರದೆಗೆ ಬರುವವರೆಗೆ "ದರೋಡೆ", "ಕಳ್ಳತನ", "ಹಗರಣ" ಪದಗಳಿಗೆ ಬೀಗ. ಪಟ್ಟಿ ಬಂದ ಮೇಲೆ ಮೂವರಲ್ಲಿ ಒಬ್ಬರು ಒಂಟಿಯಾದ ಸುತ್ತುಗಳಿಗೆ ವೃತ್ತ ಹಾಕಿ, ಆ ಸುತ್ತುಗಳ ವಿಡಿಯೋ ಮತ್ತೆ ಹಾಕಿ. ಆಗ ಹೇಳಿ, ಎಷ್ಟು ಜೋರಾಗಿ ಬೇಕಾದರೂ. ಇನ್ನೊಂದು: ಗೆದ್ದ ಬಾಕ್ಸರ್ ಮುಖಕ್ಕೆ ಮೈಕ್ ಹಿಡಿದು ಕಾರ್ಡ್ ಬಗ್ಗೆ ಜಗಳ ತೆಗೆಯಬೇಡಿ. ಅಂಕ ಬರೆದವನು ಅವನಲ್ಲ. 2012ರ ಆ ಗೆಲುವಿನ ನಂತರ ಬ್ರ್ಯಾಡ್ಲಿ ಕೊಲೆ ಬೆದರಿಕೆಗಳನ್ನೂ ಖಿನ್ನತೆಯನ್ನೂ ಅನುಭವಿಸಿದ್ದಾಗಿ ಬಹಿರಂಗವಾಗಿ ಹೇಳಿದ್ದಾನೆ. ಗಾಯದ ಕಾಲಿನಲ್ಲಿ ಆಡಿ ಪತ್ರಿಕಾಗೋಷ್ಠಿಗೆ ಗಾಲಿಕುರ್ಚಿಯಲ್ಲಿ ಬಂದವನಿಗೆ ಸಂದ ಬಹುಮಾನ ಅದು.

ಕಮಿಷನ್‌ಗಳಿಗೆ: ಸುತ್ತುವಾರು ಕಾರ್ಡ್‌ಗಳನ್ನು ಕೆಲವೆಡೆ ಅದೇ ರಾತ್ರಿ ಪ್ರಕಟಿಸುತ್ತೀರಿ, ಎಲ್ಲೆಡೆ ಪ್ರಕಟಿಸಿ. ಒಂಟಿಯಾಗಿ ಬರೆದ ಸುತ್ತಿಗೆ ಜಡ್ಜ್ ಎರಡು ಸಾಲಿನ ಕಾರಣವನ್ನು ವಾರದೊಳಗೆ ಬರೆದುಕೊಡಲಿ. ಒಂಟಿಯಾದದ್ದೇ ತಪ್ಪಲ್ಲ, ಅವರ ಬದಿಯಿಂದ ಮಾತ್ರ ಕಂಡ ಹೊಡೆತ ಇರಬಹುದು. ಕಾರಣ ಬರೆಯಲಾಗದಿದ್ದರೆ ಮಾತ್ರ ತಪ್ಪು. ಬ್ರಿಟಿಷ್ ಬಾಕ್ಸಿಂಗ್ ಬೋರ್ಡ್ 2022ರ ಫೆಬ್ರವರಿಯ ಜಾಶ್ ಟೇಲರ್–ಜಾಕ್ ಕ್ಯಾಟರಾಲ್ ಪಂದ್ಯದಲ್ಲಿ 114-111 ಎಂದು ಟೇಲರ್‌ಗೆ ಕೊಟ್ಟ ಇಯಾನ್ ಜಾನ್-ಲೂಯಿಸ್ ಅವರ ದರ್ಜೆ ಇಳಿಸಿತು, ಅದನ್ನು ಬಹಿರಂಗವಾಗಿ ಹೇಳಿತು. ಉಳಿದವರು ಜಡ್ಜ್‌ಗೆ ಸದ್ದಿಲ್ಲದೆ "ವಿಶ್ರಾಂತಿ" ಕೊಡುತ್ತಾರೆ. ಅದರಿಂದ ಸರಿಯಾಗಿ ಬರೆದ ಜಡ್ಜ್‌ಗೂ ಕಳಂಕ.

ಜಡ್ಜ್ ಕುರ್ಚಿಯ ಎದುರು ಫೋಟೋಗ್ರಾಫರ್‌ಗಳು ಏಳುವುದನ್ನು ತಡೆಯಿರಿ, ಕುರ್ಚಿ ಸ್ವಲ್ಪ ಎತ್ತರಿಸಿ. ಸದ್ದು ತಡೆಯುವ ಹೆಡ್‌ಫೋನ್ ಪ್ರಯೋಗ ಮಾಡಿ. ಯುರೋಪಿನ ಚಾಂಪಿಯನ್‌ಶಿಪ್ ಪಂದ್ಯಗಳ ಮೇಲೆ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತವರಿನ ಬಾಕ್ಸರ್‌ನ ಗೆಲುವಿನ ಪಾಲು ನಾಕೌಟ್‌ಗಿಂತ ಅಂಕದ ತೀರ್ಪಿನಲ್ಲಿ ಹೆಚ್ಚಿರುವುದನ್ನು ತೋರಿಸಿತ್ತು. ನಿಮ್ಮ ಜಡ್ಜ್‌ಗಳು ಕಾಮೆಂಟರಿ ಕೇಳದಿರಬಹುದು, ಸ್ಟೇಡಿಯಂ ಕೇಳುತ್ತಾರೆ. ನಡುವೆ ಅಂಕ ಬಹಿರಂಗ ಮಾಡುವ ಪದ್ಧತಿ, ಇನ್ನೊಂದು ವಿಶ್ವ ಬಾಕ್ಸಿಂಗ್ ಸಂಸ್ಥೆ ಡಬ್ಲ್ಯೂಬಿಸಿ ನಾಲ್ಕು ಮತ್ತು ಎಂಟನೇ ಸುತ್ತಿನ ನಂತರ ಮಾಡುವಂಥದ್ದು, ನಮಗೆ ಅಷ್ಟು ಹಿಡಿಸಿಲ್ಲ: ಮುಂದಿರುವವನು ಓಡುತ್ತಾನೆ, ಜನ ಜಡ್ಜ್ ಕಡೆ ತಿರುಗುತ್ತಾರೆ.

ಯಂತ್ರವೇ ಅಂಕ ಹಾಕಲಿ ಎನ್ನುವವರಿದ್ದಾರೆ. 2024ರ ಡಿಸೆಂಬರ್ 21ರಂದು ರಿಯಾದ್‌ನಲ್ಲಿ ಉಸಿಕ್–ಫ್ಯೂರಿ ಎರಡನೇ ಪಂದ್ಯಕ್ಕೆ ಪ್ರಾಯೋಗಿಕವಾಗಿ ಒಂದು ಎಐ ಜಡ್ಜ್ ಇತ್ತು. ಮೂವರು ಮನುಷ್ಯರು ಒಂದೇ ದನಿಯಲ್ಲಿ ಉಸಿಕ್‌ಗೆ 116-112 ಎಂದರು, ಯಂತ್ರವೂ ಉಸಿಕ್‌ಗೇ, ಆದರೆ 118-112 ಎಂದಿತು. ಮತ್ತೆ ಮೊತ್ತ 230! ಮನುಷ್ಯರಿಗೆ ಬೇಡವೆನ್ನುವ 10-10 ಅನ್ನು ಯಂತ್ರ ಎರಡು ಸಲ ಕೊಟ್ಟಿದೆ ಎಂದಾಯಿತು. ಯಾವ ಎರಡು ಸುತ್ತು, ಏಕೆ? ಯಂತ್ರಕ್ಕೂ ನಮ್ಮ ಪ್ರಶ್ನೆ ಅದೇ.

ಇಷ್ಟೆಲ್ಲ ಒಮ್ಮೆಗೇ ಆಗದು ಎಂದು ಗೊತ್ತು. ಒಂದನ್ನಂತೂ ಮುಂದಿನ ಶನಿವಾರವೇ ಮಾಡಬಹುದು. ನಿಮ್ಮ ಆ್ಯಪ್‌ಗಳಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎಂದು ಸದ್ದಿನ ಆಯ್ಕೆ ಈಗಾಗಲೇ ಇದೆ. ಅದರಲ್ಲಿ ಇನ್ನೊಂದು ಸಾಲು ಸೇರಿಸಿ: ಕಾಮೆಂಟರಿ ಇಲ್ಲ, ರಿಂಗ್‌ನ ಸದ್ದು ಮಾತ್ರ. ಗ್ಲೌಸ್ ಪಕ್ಕೆಗೆ ತಾಗಿದ ಸದ್ದು, ಕ್ಯಾನ್ವಾಸ್ ಮೇಲೆ ಶೂ ಉಜ್ಜುವ ಸದ್ದು, ಮೂಲೆಯಿಂದ ಕೋಚ್ ಕೂಗುವುದು, ಗಂಟೆ. ಹಾಳೆ ಪೆನ್ಸಿಲ್ ನಾವು ತಂದುಕೊಳ್ಳುತ್ತೇವೆ.

ಇಂತಿ,
ಅಂಕಪಟ್ಟಿ ಹಿಡಿದು ಬಾಕ್ಸಿಂಗ್ ನೋಡುವ ಕೆಲವರು